ರೆಪ್ಪೆಯ ಮೇಲಿನ ಕೆಂಪು ಗಂಟು: ಕಾಯಬೇಕೇ, ಮದ್ದು ಕೊಡಬೇಕೇ?

ಪ್ರಶ್ನೆ: ನಮ್ಮದು ಕಾಸರಗೋಡಿನ ಎಣ್ಮಕಜೆ ಪಂಚಾಯತು, ಪೆರ್ಲದ ಹತ್ತಿರ. ಮಗಳಿಗೆ ಈಗ 12 ವಾರ. ದಿನ ತುಂಬುವ ಮೊದಲೇ, 34ನೇ ವಾರಕ್ಕೆ ಹೆರಿಗೆಯಾಯಿತು. ಆಗ ತೂಕ 1 ಕಿಲೋ 900 ಗ್ರಾಂ, ಈಗ 3 ಕಿಲೋ 800. ಹುಟ್ಟುವಾಗ ಮೈಮೇಲೆ ಏನೂ ಇರಲಿಲ್ಲ. ಮೂರನೇ ವಾರದಲ್ಲಿ ಬಲಗಣ್ಣಿನ ಮೇಲಿನ ರೆಪ್ಪೆಯಲ್ಲಿ ಸೊಳ್ಳೆ ಕಚ್ಚಿದ ಹಾಗೆ ಒಂದು ಕೆಂಪು ಚುಕ್ಕೆ ಕಾಣಿಸಿತು. ಈಗ ಅದು ಕಡಲೆಕಾಳಿಗಿಂತ ದೊಡ್ಡದಾಗಿ ಉಬ್ಬಿದೆ, ಆ ಕಣ್ಣು ಅರ್ಧ ಮಾತ್ರ ತೆರೆಯುತ್ತದೆ. ಬೆನ್ನಿನಲ್ಲೂ ರೂಪಾಯಿ ನಾಣ್ಯದಷ್ಟು ಅಗಲದ ಇನ್ನೊಂದಿದೆ. ಒಬ್ಬ ಡಾಕ್ಟರು "ತಾನಾಗಿಯೇ ಹೋಗುತ್ತದೆ, ಸುಮ್ಮನಿರಿ" ಎಂದರು. ಇನ್ನೊಬ್ಬರು ಬಿಪಿಗೆ ಕೊಡುವ ಮದ್ದು ಶುರು ಮಾಡಬೇಕು ಎಂದರು. ಅತ್ತೆ ನಾಗದೋಷ ಅನ್ನುತ್ತಾರೆ. ಗ್ರಹಣದ ದಿನ ನಾನು ಕತ್ತಿ ಹಿಡಿದು ತರಕಾರಿ ಕೊಯ್ದಿದ್ದೆ, ಅದಕ್ಕೇ ಹೀಗಾಯಿತು ಎಂದು ಪಕ್ಕದ ಮನೆಯವರು. ನಮ್ಮ ಮನೆಯ ಹಿಂದೆ ಗೇರು ತೋಟವಿದೆ. ಇದು ಎಂಡೋಸಲ್ಫಾನಿನಿಂದ ಬಂದದ್ದಾ? ಕ್ಯಾನ್ಸರಾ? ಇಷ್ಟು ಸಣ್ಣ ಮಗುವಿಗೆ ಬಿಪಿ ಮದ್ದು ಕೊಡಬಹುದಾ? ನೆಂಟರು ಬಂದಾಗ ಅದು ಕಾಣದ ಹಾಗೆ ಮೇಲೆ ಕಾಡಿಗೆ ಹಚ್ಚುತ್ತೇನೆ, ತೊಂದರೆ ಇದೆಯಾ?

ಉತ್ತರ: ಮೊದಲು ಒಂದು ಮಾತು. ಉಳಿದದ್ದನ್ನು ನಿಧಾನವಾಗಿ ಓದಿದರೂ ನಡೆಯುತ್ತದೆ. ರೆಪ್ಪೆಯ ಮೇಲಿನ ಗಂಟನ್ನು ಈ ವಾರದಲ್ಲೇ ಕಣ್ಣಿನ ಡಾಕ್ಟರಿಗೂ ಮಕ್ಕಳ ಡಾಕ್ಟರಿಗೂ ತೋರಿಸಿ. ಬೆನ್ನಿನದ್ದಕ್ಕೆ ಅವಸರವಿಲ್ಲ. ಎರಡೂ ಒಂದೇ ಜಾತಿಯವು, ಆದರೆ ಕುಳಿತ ಜಾಗ ಬೇರೆ. ಈ ಕಾಯಿಲೆಯಲ್ಲಿ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಲ್ಲಿದೆ, ಮಗುವಿಗೆ ಎಷ್ಟು ವಾರ ಅನ್ನುವುದೇ ಮುಖ್ಯ.

ಖುದ್ದಾಗಿ ನೋಡದೆ ಕೊನೆಯ ಮಾತು ಹೇಳಬಾರದು, ನಿಜ. ಆದರೆ ಹುಟ್ಟುವಾಗ ಇಲ್ಲ, ಎರಡು ಮೂರು ವಾರಕ್ಕೆ ಚುಕ್ಕೆ, ಆಮೇಲೆ ದಿನದಿಂದ ದಿನಕ್ಕೆ ಉಬ್ಬು. ಹೆಣ್ಣು ಮಗು, ಅವಧಿಗೆ ಮುಂಚಿನ ಹೆರಿಗೆ, ಕಡಿಮೆ ತೂಕ. ಇಷ್ಟು ಕೇಳಿದರೆ ಯಾವ ಮಕ್ಕಳ ಡಾಕ್ಟರಿಗಾದರೂ ಮೊದಲು ನೆನಪಾಗುವುದು ಹಿಮ್ಯಾಂಜಿಯೋಮಾ. ರಕ್ತನಾಳದ ಒಳಪದರದ ಜೀವಕೋಶಗಳು ಒಂದೇ ಕಡೆ ವಿಪರೀತ ಹೆಚ್ಚಿ ಆಗುವ ಗಂಟು ಅದು. ಹೊರಗಿನವರು ಇದನ್ನು ಸ್ಟ್ರಾಬೆರಿ ಮಚ್ಚೆ ಅನ್ನುತ್ತಾರೆ. ನಮ್ಮಲ್ಲಿ ಸ್ಟ್ರಾಬೆರಿ ಎಲ್ಲಿ? ನಾನು ಕೇಪಳ ಹೂವಿನ ಕೆಂಪು ಅಂತ ಹೇಳುವುದು, ತಾಯಂದಿರಿಗೆ ತಕ್ಷಣ ಗೊತ್ತಾಗುತ್ತದೆ.

ಇದು ಕ್ಯಾನ್ಸರ್ ಅಲ್ಲ. ಗಡ್ಡೆ, ಟ್ಯೂಮರ್ ಅನ್ನುವ ಮಾತು ಕೇಳಿ ಹೆದರಬೇಡಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುವುದಿಲ್ಲ, ಮುಂದೆ ಕ್ಯಾನ್ಸರಾಗಿ ತಿರುಗುವುದೂ ಇಲ್ಲ. ಶಿಶುಗಳಲ್ಲಿ ಕಾಣುವ ಗಡ್ಡೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಇದೇ. ನೂರು ಮಕ್ಕಳಲ್ಲಿ ನಾಲ್ಕೈದು ಮಕ್ಕಳಿಗೆ ಬರುತ್ತದೆ. ಗಂಡಿಗಿಂತ ಹೆಣ್ಣು ಮಕ್ಕಳಲ್ಲಿ ಜಾಸ್ತಿ. ದಿನ ತುಂಬದೆ ಹುಟ್ಟಿದವರಲ್ಲಿ, ಅವಳಿಗಳಲ್ಲಿ, ಗರ್ಭದಲ್ಲಿ ಮಾಸಿಗೆ ಏನಾದರೂ ತೊಂದರೆಯಾಗಿದ್ದವರಲ್ಲಿ ಇನ್ನೂ ಜಾಸ್ತಿ.

ಈ ಮಾಸಿನ ವಿಷಯ ಕುತೂಹಲದ್ದು. ಮಾಸು ಅಂದರೆ ಹೆರಿಗೆಯಾದ ಮೇಲೆ ಹೊರಬೀಳುತ್ತದಲ್ಲ, ಆ ಕಸ. ಹಿಮ್ಯಾಂಜಿಯೋಮಾದ ಜೀವಕೋಶಗಳ ಮೇಲೆ ಗ್ಲೂಟ್-1 ಅನ್ನುವ ಒಂದು ಪ್ರೋಟೀನು ಸಿಗುತ್ತದೆ. ಚರ್ಮದ ಸಾಮಾನ್ಯ ರಕ್ತನಾಳಗಳಲ್ಲಿ ಅದು ಇರುವುದಿಲ್ಲ, ಆದರೆ ಮಾಸಿನ ರಕ್ತನಾಳಗಳಲ್ಲಿ ಇರುತ್ತದೆ. ಇದು ಗೊತ್ತಾದದ್ದು 2000ದ ಸುಮಾರಿಗೆ. ಅಲ್ಲಿಂದ ಮುಂದೆ ಎರಡು ಊಹೆಗಳು ಓಡಾಡುತ್ತಿವೆ. ಮಾಸಿನ ಕೆಲವು ಜೀವಕೋಶಗಳೇ ಮಗುವಿನ ಮೈಯಲ್ಲಿ ಬೇರೂರುತ್ತವೆಯೇ? ಅಥವಾ ಗರ್ಭದಲ್ಲಿ ಆಮ್ಲಜನಕ ಸ್ವಲ್ಪ ಕಡಿಮೆಯಾದಾಗ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಎಳೆಯ ಕಾಂಡಕೋಶಗಳು ಕೆರಳಿ ರಕ್ತನಾಳ ಕಟ್ಟಲು ಹೊರಡುತ್ತವೆಯೇ? ಎರಡನೆಯದರ ಕಡೆಗೆ ಹೆಚ್ಚಿನವರ ಒಲವು. ಎರಡರಲ್ಲೂ ತಾಯಿ ಮಾಡಿದ ತಪ್ಪು ಅನ್ನುವುದಕ್ಕೆ ಜಾಗವೇ ಇಲ್ಲ.

ಹಾಗಾಗಿ ಗ್ರಹಣದ ಕತ್ತಿಯನ್ನು ಮನಸ್ಸಿನಿಂದ ತೆಗೆದುಹಾಕಿ. ಬಸುರಿಯಾಗಿದ್ದಾಗ ಒಂದೂ ಗ್ರಹಣ ಕಾಣದವರ ಮಕ್ಕಳಿಗೂ ಇದು ಬರುತ್ತದೆ. ಇನ್ನು ನಾಗನ ವಿಷಯ. ತುಳುನಾಡಿನಲ್ಲಿ ಚರ್ಮಕ್ಕೆ ಏನಾದರೂ ಬಂದರೆ ಮೊದಲು ನೆನಪಾಗುವುದು ನಾಗಬನವೇ, ನನ್ನ ಮನೆಯಲ್ಲೂ ಹಾಗೆಯೇ. ಆಶ್ಲೇಷ ಬಲಿ ಮಾಡಿಸುತ್ತೇವೆ ಅಂದರೆ ಅತ್ತೆಯ ಹತ್ತಿರ ಜಗಳ ಬೇಡ. ಮಾಡಿಸಲಿ. ಆದರೆ ಅದರ ದಿನ ನೋಡಿಕೊಂಡು ಆಸ್ಪತ್ರೆಯ ದಿನ ಮುಂದೆ ಹಾಕಬೇಡಿ. ಗಂಟಿನ ಮೇಲೆ ಸುಣ್ಣ, ಸೊಪ್ಪಿನ ರಸ, ತೇದ ಮದ್ದು ಯಾವುದನ್ನೂ ಹಚ್ಚಬೇಡಿ. ಅಲ್ಲಿನ ಚರ್ಮ ಬಹಳ ತೆಳು, ಸುಟ್ಟು ಹುಣ್ಣಾದರೆ ಕಲೆ ಉಳಿಯುತ್ತದೆ.

ಎಂಡೋಸಲ್ಫಾನಿನ ಪ್ರಶ್ನೆಗೆ ಬರುತ್ತೇನೆ. ಎಣ್ಮಕಜೆಯ ತಾಯಿಯೊಬ್ಬರು ಇದನ್ನು ಕೇಳಿದಾಗ ನಕ್ಕು ತಳ್ಳಿಹಾಕುವ ಹಕ್ಕು ಯಾವ ಡಾಕ್ಟರಿಗೂ ಇಲ್ಲ. 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಗೇರು ತೋಟಕ್ಕೆ ಕೀಟ ಕೊಲ್ಲುವ ಆ ವಿಷ ಸುರಿದದ್ದು, 2000ದಲ್ಲಿ ಅದು ನಿಂತದ್ದು, 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ನಿಲ್ಲಿಸಿದ್ದು ನಮಗೆಲ್ಲ ಗೊತ್ತು. ಅದರಿಂದ ನರಳಿದ ಸ್ವರ್ಗ, ಪಡ್ರೆ ಅನ್ನುವ ಊರುಗಳ ಮನೆಗಳಿಗೆ ಹೋದವನು ನಾನು. ಆದರೂ ನಿಮ್ಮ ಮಗುವಿನ ಗಂಟಿಗೂ ಅದಕ್ಕೂ ನಂಟಿದೆ ಅನ್ನುವುದಕ್ಕೆ ನನಗೆ ಆಧಾರ ಕಾಣುವುದಿಲ್ಲ. ಆ ವಿಷ ಸುರಿಯದ ಊರುಗಳಲ್ಲೂ ನೂರಕ್ಕೆ ನಾಲ್ಕೈದು ಮಕ್ಕಳಿಗೆ ಇದು ಬರುತ್ತದೆ. ನಿಮ್ಮ ಮಗಳು ಬೇಗ ಹುಟ್ಟಿದ್ದು, ತೂಕ ಕಡಿಮೆಯಿದ್ದದ್ದು, ಇವೇ ಸಾಕಷ್ಟು ಕಾರಣ.

ಈಗ ಈ ಗಂಟಿನ ನಡವಳಿಕೆ. ಬಸಳೆ ಚಪ್ಪರ ನೋಡಿದ್ದೀರಲ್ಲ? ನಾಲ್ಕು ಮಳೆ ಬಿದ್ದರೆ ಸಾಕು, ಬಳ್ಳಿ ಬಳ್ಳಿಗೆ ಹೆಣೆದು ತಿಂಗಳೊಳಗೆ ಚಪ್ಪರ ಮುಚ್ಚಿಹೋಗುತ್ತದೆ. ಹಿಮ್ಯಾಂಜಿಯೋಮಾ ಬೆಳೆಯುವುದು ಹಾಗೆ. ಐದರಿಂದ ಎಂಟನೇ ವಾರದ ಒಳಗೆ ಅತಿ ಜೋರು. ಮೂರು ತಿಂಗಳಾಗುವಾಗ ಅದು ಆಗಬೇಕಾದ ಗಾತ್ರದ ಸುಮಾರು ಶೇಕಡ 80ರಷ್ಟನ್ನು ಮುಟ್ಟಿರುತ್ತದೆ. ಐದು ತಿಂಗಳ ಹೊತ್ತಿಗೆ ಹೆಚ್ಚಿನವುಗಳ ಓಟ ನಿಲ್ಲುತ್ತದೆ. ಆಮೇಲೆ ಸ್ವಲ್ಪ ಕಾಲ ಇದ್ದ ಹಾಗೇ ಇದ್ದು, ಒಂದು ವರ್ಷದ ಆಸುಪಾಸಿನಲ್ಲಿ ಇಳಿಯಲು ಶುರು. ಮೊದಲು ಬಣ್ಣ ಕುಂದುತ್ತದೆ. ಕೇಪಳದ ಕೆಂಪು ಹೋಗಿ ಒಣಗಿದ ಪುನರ್ಪುಳಿ ಸಿಪ್ಪೆಯ ಬಣ್ಣ, ಆಮೇಲೆ ನಡುವಿನಿಂದ ಬೂದಿ ಬಣ್ಣ. ಮುಟ್ಟಿದರೆ ಮೆತ್ತಗೆ. ನಾಲ್ಕು ವರ್ಷ ತುಂಬುವಾಗ ಬಹುಪಾಲು ಇಳಿದಿರುತ್ತದೆ.

"ತಾನಾಗಿಯೇ ಹೋಗುತ್ತದೆ" ಎಂದ ಡಾಕ್ಟರು ಸುಳ್ಳು ಹೇಳಲಿಲ್ಲ. ಆದರೆ ಬಸಳೆ ಒಣಗಿದ ಮೇಲೆ ಚಪ್ಪರದಲ್ಲಿ ದಂಟುಗಳು ಉಳಿಯುತ್ತವಲ್ಲ? ಹಾಗೆ ಇಲ್ಲೂ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಏನಾದರೂ ಉಳಿಯುತ್ತದೆ. ಸಡಿಲ ಚರ್ಮ, ಕೊಬ್ಬಿನ ಸಣ್ಣ ಉಬ್ಬು, ದಾರದಂಥ ಕೆಂಪು ಎಳೆಗಳು. ಬೆನ್ನಿನಲ್ಲಿ ಉಳಿದರೆ ಯಾರಿಗೇನು? ಮೂಗಿನ ತುದಿ, ತುಟಿ, ರೆಪ್ಪೆಯಲ್ಲಿ ಉಳಿದರೆ ಮಾತು ಬೇರೆ.

ಕಣ್ಣಿನ ವಿಷಯದಲ್ಲಿ ನಷ್ಟ ಚಂದಕ್ಕೆ ನಿಲ್ಲುವುದಿಲ್ಲ. ಮಗು ಹುಟ್ಟುವಾಗ ಕಣ್ಣು ಇರುತ್ತದೆ, ನೋಡುವ ವಿದ್ಯೆ ಇರುವುದಿಲ್ಲ. ಅದನ್ನು ಮೆದುಳು ಮೊದಲ ತಿಂಗಳುಗಳಲ್ಲಿ ಕಲಿಯುತ್ತದೆ. ಒಂದು ರೆಪ್ಪೆ ಜೋತುಬಿದ್ದು ಕಣ್ಣಿನ ಪಾಪೆಯನ್ನು ಮುಚ್ಚಿದರೆ, ಅಥವಾ ಗಂಟಿನ ಭಾರಕ್ಕೆ ಕಣ್ಣುಗುಡ್ಡೆಯ ಮುಂಭಾಗ ಸ್ವಲ್ಪವೇ ಒತ್ತಿಹೋಗಿ ಬಿಂಬ ಮಸುಕಾದರೆ, ಮೆದುಳು ಆ ಕಣ್ಣಿನ ಸುದ್ದಿಯನ್ನೇ ತೆಗೆದುಕೊಳ್ಳುವುದನ್ನು ಬಿಡುತ್ತದೆ. ಇದಕ್ಕೆ ಸೋಮಾರಿ ಕಣ್ಣು ಅನ್ನುತ್ತಾರೆ. ಆಮೇಲೆ ಗಂಟು ಪೂರ್ತಿ ಹೋದರೂ ದೃಷ್ಟಿ ತಾನಾಗಿ ಬರುವುದಿಲ್ಲ.

ಇದನ್ನು ನಾನು ಓದಿ ಕಲಿತದ್ದಕ್ಕಿಂತ ತಪ್ಪು ಮಾಡಿ ಕಲಿತದ್ದು ಜಾಸ್ತಿ. ಕೆಲಸಕ್ಕೆ ಸೇರಿದ ಹೊಸತು. ಮುಳ್ಳೇರಿಯ ಕಡೆಯ ಒಂದು ಗಂಡು ಮಗುವಿಗೆ ರೆಪ್ಪೆಯ ಮೇಲೆ ಇಂಥದ್ದೇ ಗಂಟು. "ಶಾಲೆಗೆ ಹೋಗುವಾಗ ಇರುವುದೇ ಇಲ್ಲ ನೋಡಿ" ಎಂದು ಧೈರ್ಯ ಹೇಳಿ ಕಳಿಸಿದೆ. ಹಾಗೆಯೇ ಆಯಿತು. ಒಂದನೇ ಕ್ಲಾಸಿಗೆ ಸೇರಿಸುವ ಮೊದಲು ಕರೆದುಕೊಂಡು ಬಂದಾಗ ರೆಪ್ಪೆ ಚೊಕ್ಕವಾಗಿತ್ತು. ಆದರೆ ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿದರೆ ಗೋಡೆಯ ಚಾರ್ಟಿನ ಎಲ್ಲಕ್ಕಿಂತ ದೊಡ್ಡ ಅಕ್ಷರವೂ ಅವನಿಗೆ ಕಾಣಿಸುತ್ತಿರಲಿಲ್ಲ. ಅವನ ತಾಯಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನೀವೂ ಮನೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಮಗು ಹೊಟ್ಟೆ ತುಂಬಿ ಖುಷಿಯಾಗಿರುವಾಗ ಒಂದು ಅಂಗೈಯನ್ನು ಒಂದು ಕಣ್ಣಿಗೆ ಅಡ್ಡ ಹಿಡಿಯಿರಿ, ಒತ್ತಬೇಡಿ. ನಿಮ್ಮ ಮುಖವನ್ನೋ ಕೆಂಪು ಬಟ್ಟೆಯನ್ನೋ ನಿಧಾನವಾಗಿ ಅತ್ತಿಂದಿತ್ತ ಆಡಿಸಿ. ಆಮೇಲೆ ಇನ್ನೊಂದು ಕಣ್ಣಿಗೆ ಅಡ್ಡ ಹಿಡಿದು ನೋಡಿ. ಬಲಗಣ್ಣು ಮುಚ್ಚಿದಾಗ ಸುಮ್ಮನಿದ್ದು, ಎಡಗಣ್ಣು ಮುಚ್ಚಿದ ಕೂಡಲೇ ಪ್ರತಿ ಸಲ ಕೊಸರಾಡಿದರೆ ಡಾಕ್ಟರಿಗೆ ಹೇಳಿ. ಇದು ಅವರ ಪರೀಕ್ಷೆಗೆ ಬದಲಿ ಅಲ್ಲ. ಮಗು ಕೊಸರಾಡಲಿಲ್ಲ ಎಂದು ಹೋಗುವುದನ್ನು ಬಿಡಬೇಡಿ.

ಇನ್ನು ಬಿಪಿ ಮದ್ದು. ಅದರ ಹೆಸರು ಪ್ರೊಪ್ರನಲಾಲ್. ಒಮ್ಮೆ ಒಂದು ಮಗುವಿಗೆ ಇದನ್ನು ಬರೆದುಕೊಟ್ಟಾಗ ಜೊತೆಗೆ ಬಂದ ಅಜ್ಜಿ ಚೀಟಿ ನೋಡಿ, "ಎಂತ ಡಾಕ್ಟ್ರೇ, ಕೈ ನಡುಗುತ್ತದೆ ಅಂತ ನಾನು ತಿನ್ನುವುದು ಇದನ್ನೇ ಅಲ್ವಾ!" ಎಂದರು. ಅದೇ ಹೌದು. 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ಅನ್ನುವವರು ಹೃದಯದ ಕಾಯಿಲೆಗೆಂದು ತಂದ ಮದ್ದು ಅದು. 1988ರಲ್ಲಿ ಅವರಿಗೆ ನೊಬೆಲ್ ಬಂತು. ಮಕ್ಕಳ ಗಂಟಿಗೆ ಅದು ದಕ್ಕಿದ್ದು ಆಕಸ್ಮಿಕವಾಗಿ. ಫ್ರಾನ್ಸಿನ ಬೋರ್ಡೋದಲ್ಲಿ ಮೂಗಿನ ಮೇಲೆ ಹಿಮ್ಯಾಂಜಿಯೋಮಾ ಇದ್ದ ಮಗುವಿಗೆ ಆಗಿನ ರೂಢಿಯಂತೆ ಸ್ಟೀರಾಯ್ಡ್ ಕೊಟ್ಟಿದ್ದರು. ಮಗುವಿನ ಹೃದಯದ ಸ್ನಾಯು ದಪ್ಪವಾಯಿತು. ಅದಕ್ಕೆಂದು ಪ್ರೊಪ್ರನಲಾಲ್ ಶುರು ಮಾಡಿದರು. ಮರುದಿನ ನೋಡಿದರೆ ಗಂಟಿನ ಕಡುಗೆಂಪು ನೇರಳೆಗೆ ತಿರುಗಿ ಮೆತ್ತಗಾಗಿತ್ತು! ಕ್ರಿಸ್ಟೀನ್ ಲಿಯೋತೆ-ಲಾಬ್ರೆಜ್ ಅನ್ನುವ ಚರ್ಮವೈದ್ಯೆ ಇದನ್ನು ಗಮನಿಸಿ, ಬೇರೆ ಮಕ್ಕಳಲ್ಲೂ ನೋಡಿ, 2008ರಲ್ಲಿ ಬರೆದರು. 2015ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಆರು ತಿಂಗಳು ಈ ಮದ್ದು ತೆಗೆದುಕೊಂಡ ಮಕ್ಕಳಲ್ಲಿ ಶೇಕಡ 60ರಷ್ಟು ಮಂದಿಗೆ ಗಂಟು ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಬರೀ ಸಿಹಿನೀರಿನಂಥ ಹುಸಿಮದ್ದು ಸಿಕ್ಕವರಲ್ಲಿ ಅಷ್ಟು ಇಳಿದದ್ದು ಶೇಕಡ 4ರಷ್ಟು ಮಾತ್ರ. ಈ ಮದ್ದು ಆ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಹೊಸ ನಾಳ ಚಿಗುರಲು ಬೇಕಾದ ಸಂಕೇತಗಳನ್ನು ತಗ್ಗಿಸುತ್ತದೆ.

ಮುಳ್ಳೇರಿಯ ಹುಡುಗನ ಕಾಲದಲ್ಲಿ ನಮ್ಮ ಕೈಯಲ್ಲಿ ಇದು ಇರಲಿಲ್ಲ. ಈಗ ಇದೆ. ರೆಪ್ಪೆಯ ಮೇಲೆ ಬೆಳೆಯುತ್ತಿರುವ ಗಂಟಿಗೆ ನಾನಾದರೆ ಇದನ್ನೇ ಕೊಡುತ್ತೇನೆ, ಕಾಯುವುದಿಲ್ಲ.

ಮಗು ಸಣ್ಣದು ಅನ್ನುವ ನಿಮ್ಮ ಅಂಜಿಕೆ ಸರಿಯೇ. 12 ವಾರವಾದರೂ ಆರು ವಾರ ಮುಂಚೆ ಹುಟ್ಟಿದ್ದರಿಂದ ಡಾಕ್ಟರ ಲೆಕ್ಕದಲ್ಲಿ ಅವಳಿಗೆ ಈಗ ಆರು ವಾರ. ಸಾಮಾನ್ಯವಾಗಿ ಆ ಲೆಕ್ಕದ ಐದು ವಾರ ದಾಟಿದ ಮೇಲೆ ಶುರು ಮಾಡುತ್ತಾರೆ, ಹಾಗಾಗಿ ತಡೆಯಿಲ್ಲ. ಮೊದಲು ಎದೆಬಡಿತ, ಬಿಪಿ ನೋಡಿ, ಎದೆಗೆ ಕಿವಿಗೊಟ್ಟು, ಬೇಕಿದ್ದರೆ ಇಸಿಜಿ, ಎಕೋ ಮಾಡುತ್ತಾರೆ. ದಿನಕ್ಕೆ ಕಿಲೋಗೆ 1 ಮಿಲಿಗ್ರಾಮಿನಿಂದ ಹಿಡಿದು 2 ಅಥವಾ 3ರವರೆಗೆ ಮೆಲ್ಲ ಏರಿಸುತ್ತಾರೆ, ದಿನಕ್ಕೆ ಎರಡು ಮೂರು ಸಲವಾಗಿ ಹಂಚಿ. ಮೊದಲ ಡೋಸು ಆಸ್ಪತ್ರೆಯಲ್ಲೇ ಕೊಟ್ಟು ಒಂದೆರಡು ಗಂಟೆ ಬಡಿತ ನೋಡುವುದು ಒಳ್ಳೆಯದು, ನಿಮ್ಮ ಮಗುವಿನಂತೆ ಬೇಗ ಹುಟ್ಟಿದವರಿಗೆ ಖಂಡಿತ ಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಒಂದಿದೆ, ಅದನ್ನು ಸರಿಯಾಗಿ ತಿಳಿದುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಈ ಮದ್ದು ಬಿದ್ದರೆ ರಕ್ತದ ಸಕ್ಕರೆ ಇಳಿಯಬಹುದು. ಹಾಗಾಗಿ ಮೊದಲು ಹಾಲು, ಆಮೇಲೆ ಮದ್ದು. ರಾತ್ರಿ ಮಲಗಿದೆ ಎಂದು ಬಿಡಬೇಡಿ, ನಾಲ್ಕೈದು ಗಂಟೆಗೊಮ್ಮೆ ಎಬ್ಬಿಸಿ ಹಾಲು ಕೊಡಿ. ವಾಂತಿ, ಭೇದಿ, ಹಾಲು ಬೇಡ ಅನ್ನುವುದು, ಇದರಲ್ಲಿ ಯಾವುದೇ ಇದ್ದರೂ ಆ ಹೊತ್ತಿನ ಮದ್ದು ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಆಟಿ ತಿಂಗಳ ಮಳೆಗೆ ನಮ್ಮಲ್ಲಿ ಅರ್ಧ ಮಕ್ಕಳ ಎದೆ ಗೊರಗೊರ ಅನ್ನುತ್ತದೆ. ಉಬ್ಬಸ ಬಂದಾಗಲೂ ಹಾಗೆಯೇ, ಮದ್ದು ನಿಲ್ಲಿಸಬೇಕು, ಯಾಕೆಂದರೆ ಇದು ಶ್ವಾಸನಾಳವನ್ನು ಬಿಗಿ ಮಾಡುತ್ತದೆ. ಮಗು ಬೆವರಿ ತಣ್ಣಗಾಗುವುದು, ಮಂಕಾಗುವುದು, ಎಬ್ಬಿಸಿದರೂ ಏಳದಿರುವುದು, ಕೈಕಾಲು ಅದುರುವುದು ಕಂಡರೆ ಕಾಯದೆ ಹತ್ತಿರದ ಆಸ್ಪತ್ರೆಗೆ ಓಡಿ. ಕೈಕಾಲು ಸ್ವಲ್ಪ ತಣ್ಣಗಿರುವುದು, ನಿದ್ದೆ ಹೆಚ್ಚುಕಡಿಮೆಯಾಗುವುದು ಸಾಮಾನ್ಯ, ಅದಕ್ಕೆ ಗಾಬರಿ ಬೇಡ.

ಇನ್ನೊಂದು ಎಡವಟ್ಟು ಅಳತೆಯದ್ದು. ಸಿರಪ್ ಎಲ್ಲ ಮೆಡಿಕಲಿನಲ್ಲಿ ಸಿಗುವುದಿಲ್ಲ, ಗುಳಿಗೆಯನ್ನು ಪುಡಿ ಮಾಡಿ ನೀರಿನಲ್ಲಿ ಕಲಸಲು ಹೇಳುತ್ತಾರೆ. ಗುಳಿಗೆ 10 ಮಿಲಿಗ್ರಾಮಿನದ್ದೂ ಇದೆ, 40ರದ್ದೂ ಇದೆ. ಅಂಗಡಿಯವರು 10ರ ಬದಲು 40 ಕೊಟ್ಟರೆ ಮಗುವಿಗೆ ನಾಲ್ಕು ಪಟ್ಟು ಹೋಯಿತು! ಪ್ರತಿ ಸಲ ಗುಳಿಗೆಯ ಹಾಳೆಯ ಮೇಲಿನ ಅಂಕಿ ನೋಡಿ. ಎಷ್ಟು ನೀರು, ಎಷ್ಟು ಎಂಎಲ್ ಅನ್ನುವುದನ್ನು ಕನ್ನಡದಲ್ಲಿ ಬರೆಸಿಕೊಳ್ಳಿ. ನಮ್ಮ ಕಡೆ ಚೀಟಿ ಇಂಗ್ಲಿಷಿನಲ್ಲಿ, ವಿವರಿಸುವ ನರ್ಸಮ್ಮ ಮಲಯಾಳದಲ್ಲಿ, ಕೇಳಿಸಿಕೊಳ್ಳುವ ತಾಯಿ ಕನ್ನಡದಲ್ಲಿ. ತಪ್ಪು ಆಗುವುದೇ ಆ ಸಂದಿಯಲ್ಲಿ. ಚಮಚ ಬೇಡ, ಸೂಜಿಯಿಲ್ಲದ ಸಿರಿಂಜಿನಲ್ಲೇ ಅಳೆಯಿರಿ.

ಕನಿಷ್ಠ ಆರು ತಿಂಗಳು, ಹೆಚ್ಚಾಗಿ ಒಂದು ವರ್ಷ ತುಂಬುವವರೆಗೆ ಕೊಡಬೇಕಾಗುತ್ತದೆ. ತೂಕ ಹೆಚ್ಚಿದ ಹಾಗೆ ಅಳತೆ ಬದಲಿಸಬೇಕು. ಬಣ್ಣ ಮಾಸಿತು ಎಂದು ನೀವೇ ನಿಲ್ಲಿಸಿದರೆ ಕೆಲವರಲ್ಲಿ ಮತ್ತೆ ಉಬ್ಬುತ್ತದೆ. ಲಸಿಕೆಗಳನ್ನು ಎಂದಿನಂತೆ ಹಾಕಿಸಿ, ಆ ದಿನ ಜ್ವರಕ್ಕೆ ಹಾಲು ಕಡಿಮೆ ಕುಡಿಯುತ್ತದೆಯೇ ಎಂದು ಮಾತ್ರ ಗಮನಿಸಿ.

ಬೇರೆ ದಾರಿಗಳೂ ಇವೆ, ಚುಟುಕಾಗಿ ಹೇಳುತ್ತೇನೆ. ತೆಳುವಾದ ಸಣ್ಣ ಗಂಟಿಗೆ ಟಿಮೊಲಾಲ್ ಅನ್ನುವ ಕಣ್ಣಿನ ಹನಿಯನ್ನು ಚರ್ಮದ ಮೇಲೆ ಹಚ್ಚುತ್ತಾರೆ. ಉಬ್ಬಿ ಕಣ್ಣು ಮುಚ್ಚುತ್ತಿರುವ ಗಂಟಿಗೆ ಅದು ಸಾಲದು. ಸ್ಟೀರಾಯ್ಡ್ ಈಗ ಪ್ರೊಪ್ರನಲಾಲ್ ಕೊಡಲಾಗದವರಿಗೆ ಮಾತ್ರ. ಲೇಸರ್ ಆಮೇಲೆ ಉಳಿಯುವ ಕೆಂಪು ಎಳೆಗಳಿಗೆ. ಶಸ್ತ್ರಚಿಕಿತ್ಸೆ ಉಳಿದ ಸಡಿಲ ಚರ್ಮಕ್ಕೆ, ಹೆಚ್ಚಾಗಿ ಮೂರರಿಂದ ಐದು ವರ್ಷದ ಒಳಗೆ. ಬೆಳೆಯುತ್ತಿರುವಾಗ ಕತ್ತಿ ಹಾಕುವುದು ಅಪರೂಪ, ರಕ್ತ ಜಾಸ್ತಿ.

ಬೆನ್ನಿನದ್ದನ್ನು ಸುಮ್ನೆ ನೋಡುತ್ತಿರಿ. ಬಾಯಲ್ಲಿ ಕೊಡುವ ಮದ್ದಿಗೆ ಅದೂ ಬಾಡುತ್ತದೆ. ವಾರಕ್ಕೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ, ಪಕ್ಕದಲ್ಲಿ ರೂಪಾಯಿ ಇಟ್ಟು ಎರಡರದ್ದೂ ಫೋಟೋ ತೆಗೆಯಿರಿ. ಗೀರಿ ರಕ್ತ ಬಂದರೆ ಹೆದರಬೇಡಿ, ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಹುಣ್ಣಾದರೆ ತೋರಿಸಿ.

ಸ್ನಾನ ಮಾಡಿಸುವಾಗ ತಲೆಕೂದಲೊಳಗೆ, ಕಿವಿಯ ಹಿಂದೆ, ತೊಡೆಸಂದಿಯಲ್ಲೂ ಹುಡುಕಿ. ಐದು ಅಥವಾ ಅದಕ್ಕಿಂತ ಹೆಚ್ಚು ಸಿಕ್ಕಿದರೆ ಲಿವರಿನ ಸ್ಕ್ಯಾನ್ ಬೇಕು. ಗಲ್ಲ, ಗದ್ದ, ಕುತ್ತಿಗೆಯಲ್ಲಿ, ಅಂದರೆ ಗಂಡಸರಿಗೆ ಗಡ್ಡ ಬೆಳೆಯುವ ಜಾಗದಲ್ಲಿ ಹರಡಿ, ಉಸಿರಾಡುವಾಗ ಸದ್ದು ಬಂದರೆ ಶ್ವಾಸನಾಳದಲ್ಲೂ ಇರಬಹುದು, ಆಗ ಅದೇ ದಿನ ಆಸ್ಪತ್ರೆ. ಮುಖದ ಒಂದು ಭಾಗವನ್ನೇ ಆವರಿಸಿದ್ದರೆ ಮೆದುಳು, ಹೃದಯದ ಪರೀಕ್ಷೆಯಾದ ಮೇಲೆಯೇ ಮದ್ದು. ನಿಮ್ಮ ವಿವರಣೆಯಲ್ಲಿ ಇದ್ಯಾವುದೂ ಇಲ್ಲ.

ಇದನ್ನು ಓದುವ ಬೇರೆ ತಾಯಂದಿರಿಗೆ ಒಂದು ಮಾತು. ಹುಟ್ಟುವಾಗಲೇ ಪೂರ್ತಿಯಾಗಿ ಇದ್ದು, ಚಪ್ಪಟೆಯಾಗಿ, ಮಗುವಿನ ಜೊತೆಗೇ ಬೆಳೆಯುವ ಕೆಂಪು ಮಚ್ಚೆ ಬೇರೆ ಜಾತಿ. ಅದು ಪೈಪು ಹಾಕುವಾಗಲೇ ತಪ್ಪಿದ ಹಾಗೆ, ರಕ್ತನಾಳದ ಕಟ್ಟಣೆಯಲ್ಲೇ ದೋಷ. ಪ್ರೊಪ್ರನಲಾಲಿಗೆ ಬಗ್ಗುವುದಿಲ್ಲ, ತಾನಾಗಿ ಹೋಗುವುದೂ ಇಲ್ಲ. ಈ ಎರಡನ್ನೂ ಬೇರೆ ಬೇರೆ ಎಂದು 1982ರಲ್ಲಿ ಮುಲಿಕನ್ ಮತ್ತು ಗ್ಲೊವಾಕಿ ಅನ್ನುವವರು ಬಿಡಿಸಿಟ್ಟರು. ಅದಕ್ಕಿಂತ ಮೊದಲು ಡಾಕ್ಟರುಗಳೂ ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಿದ್ದರು.

ಎಲ್ಲಿಗೆ ಹೋಗುವುದು? ಮಕ್ಕಳ ವಿಭಾಗ, ಕಣ್ಣು, ಚರ್ಮ ಮೂರೂ ಒಂದೇ ಕಡೆ ಸಿಗುವಲ್ಲಿಗೆ. ನಿಮಗೆ ಮಂಗಳೂರಿನ ಮೆಡಿಕಲ್ ಕಾಲೇಜುಗಳೂ ಆದೀತು, ಕಣ್ಣೂರಿನ ಪರಿಯಾರವೂ ಆದೀತು. ನಿಮ್ಮ ಕೇರಳದ ಆರೋಗ್ಯ ಕಾರ್ಡು ತಲಪಾಡಿ ಗಡಿಯ ಆಚೆ, ಕರ್ನಾಟಕದಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಹೆರಿಗೆಯ ಡಿಸ್ಚಾರ್ಜ್ ಚೀಟಿ, ತೂಕದ ಕಾರ್ಡು, ಮೂರನೇ ವಾರದಿಂದ ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನು ಜೊತೆಗಿಟ್ಟುಕೊಳ್ಳಿ. ಗಂಟು ಎಷ್ಟು ಬೇಗ ಬೆಳೆಯಿತು ಅನ್ನುವುದನ್ನು ಆ ಫೋಟೋಗಳಿಗಿಂತ ಚೆನ್ನಾಗಿ ಯಾವ ಸ್ಕ್ಯಾನೂ ಹೇಳುವುದಿಲ್ಲ.

ಕಾಡಿಗೆಯ ವಿಷಯ ಮರೆತೇನು. ರೆಪ್ಪೆಗೆ ಬೇಡ. ಉಜ್ಜುವಾಗ, ಒರೆಸುವಾಗ ತೆಳು ಚರ್ಮ ಕಿತ್ತು ಬರುತ್ತದೆ, ಕಪ್ಪಿನ ಅಡಿಯಲ್ಲಿ ಹುಣ್ಣಾದರೂ ನಿಮಗೆ ಕಾಣುವುದಿಲ್ಲ. ದೃಷ್ಟಿಬೊಟ್ಟು ಇಡಲೇಬೇಕೆಂದು ಅತ್ತೆ ಹೇಳಿದರೆ ಅಂಗಾಲಿಗೆ ಇಡಿ.